ಕೀಪರ್ ಬದಲಿಸಿದರೆ ಸೋರುವುದು ನಿಲ್ಲುತ್ತದೆಯೇ?

2023ರ ಮೇ 3. ಇಂಗ್ಲೆಂಡಿನ ಫುಟ್‌ಬಾಲ್ ಪ್ರೀಮಿಯರ್ ಲೀಗ್ ಮುಗಿಯಲು ಲೀಡ್ಸ್ ಯುನೈಟೆಡ್‌ಗೆ ಇನ್ನು ನಾಲ್ಕೇ ಪಂದ್ಯ ಉಳಿದಿದ್ದವು. 34 ಪಂದ್ಯಗಳಿಂದ 30 ಅಂಕ, 17ನೇ ಸ್ಥಾನ. ಹಿಂಬಡ್ತಿಯ, ಅಂದರೆ ಕೆಳಗಿನ ಡಿವಿಷನ್‌ಗೆ ಬೀಳುವ, ಗುಂಡಿಗೂ ತಂಡಕ್ಕೂ ನಡುವೆ ಇದ್ದದ್ದು ಗೋಲು ವ್ಯತ್ಯಾಸವೊಂದೇ (ಹೊಡೆದ ಗೋಲಿನಿಂದ ತಿಂದ ಗೋಲು ಕಳೆದ ಲೆಕ್ಕ). ಆ ದಿನ ಕೋಚ್ ಹಾವಿ ಗ್ರಾಸಿಯಾ ಹೋದರು, 68ರ ಸ್ಯಾಮ್ ಅಲರ್ಡೈಸ್ ಬಂದರು. ಬಂದವರು ಮೊದಲ ಪಂದ್ಯಕ್ಕೇ ಕೀಪರ್‌ನನ್ನು ಕೂರಿಸಿದರು. 2020ರಿಂದ ಗೋಲಿನ ಮುಂದೆ ನಿಂತಿದ್ದ ಇಲಾನ್ ಮೆಸ್ಲಿಯೆಗೆ ಆಗ 23 ವರ್ಷ. ಅವನ ಜಾಗಕ್ಕೆ ಬಂದ ಜೋಯೆಲ್ ರೋಬ್ಲೆಸ್‌ಗೆ 32. ಮುಂದಿನ ನಾಲ್ಕು ಪಂದ್ಯ ಹೀಗೆ ಮುಗಿದವು: ಮ್ಯಾಂಚೆಸ್ಟರ್ ಸಿಟಿ ಎದುರು 1-2, ನ್ಯೂಕಾಸಲ್ ಎದುರು 2-2, ವೆಸ್ಟ್ ಹ್ಯಾಮ್ ಎದುರು 1-3, ಟಾಟನ್‌ಹ್ಯಾಮ್ ಎದುರು 1-4. ಸಿಕ್ಕಿದ್ದು ಒಂದು ಅಂಕ. ಲೀಡ್ಸ್ 19ನೇ ಸ್ಥಾನಕ್ಕೆ ಜಾರಿ ಕೆಳಗಿನ ಡಿವಿಷನ್‌ಗೆ ಬಿತ್ತು.

ಬೆರಳೆಣಿಕೆಯ ಲೆಕ್ಕ ಹಾಕಿ. ಮೊದಲ 34 ಪಂದ್ಯಗಳಲ್ಲಿ ತಂಡ ಬಿಟ್ಟುಕೊಟ್ಟ ಗೋಲು 67, ಅಂದರೆ ಪಂದ್ಯಕ್ಕೆ ಎರಡರ ಹತ್ತಿರ. ಕೊನೆಯ ನಾಲ್ಕರಲ್ಲಿ 11, ಅಂದರೆ ಪಂದ್ಯಕ್ಕೆ ಮುಕ್ಕಾಲು ಸೇರಿಸಿದ ಎರಡು. ಹುಡುಗನನ್ನು ಕೂರಿಸಿ ಅನುಭವಿಯನ್ನು ತಂದರೂ ಸೋರಿಕೆ ಕಡಿಮೆಯಾಗಲಿಲ್ಲ. ಹಾಗಂತ ಅಲರ್ಡೈಸ್ ಮಾಡಿದ್ದು ತಪ್ಪು ಎಂದು ಈ ಲೆಕ್ಕ ಸಾಬೀತು ಮಾಡುವುದಿಲ್ಲ. ನಾಲ್ಕರಲ್ಲಿ ಒಂದು ಆ ವರ್ಷದ ಚಾಂಪಿಯನ್ ತಂಡ, ಇನ್ನೊಂದು ನಾಲ್ಕನೇ ಸ್ಥಾನ ಹಿಡಿದ ತಂಡ. ನ್ಯೂಕಾಸಲ್ ವಿರುದ್ಧ 1-0 ಮುಂದಿದ್ದಾಗ ಪ್ಯಾಟ್ರಿಕ್ ಬ್ಯಾಮ್‌ಫೋರ್ಡ್ ಹೊಡೆದ ಪೆನಾಲ್ಟಿಯನ್ನು ನಿಕ್ ಪೋಪ್ ತಡೆದ; ಅದು ಒಳಗೆ ಹೋಗಿದ್ದರೆ ಈ ಬರಹದ ಮೊದಲ ಪ್ಯಾರಾ ಬೇರೆಯೇ ಇರುತ್ತಿತ್ತೋ ಏನೋ. ನನ್ನನ್ನು ಕಾಡುವುದು ಬೇರೆ ವಿಷಯ. ತಂಡ ಕುಸಿಯುತ್ತಿರುವಾಗ "ಈ ಚಿಕ್ಕ ಹುಡುಗನನ್ನು ನಂಬಬಹುದೇ" ಎಂಬ ಪ್ರಶ್ನೆ ಎಲ್ಲ ಕಡೆ ಏಳುತ್ತದೆ. ಗೋಲು ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಮೊದಲು ಕೇಳುವುದಿಲ್ಲ. ಮಾಳಿಗೆ ಸೋರುತ್ತಿದ್ದರೆ ಹೆಂಚು ನೋಡಬೇಕು. ನಾವು ಕೆಳಗಿಟ್ಟ ಪಾತ್ರೆ ಬದಲಿಸುತ್ತೇವೆ.

ನಮ್ಮಲ್ಲಿ ಕೀಪರ್ ಎಂದರೆ ಮೊದಲು ಕಣ್ಣೆದುರು ಬರುವವರು ಸೈಯದ್ ಕಿರ್ಮಾನಿ. ಕ್ರಿಕೆಟ್ಟಿನ ಕೀಪರ್ ಒಂದು ಕ್ಯಾಚ್ ಬಿಟ್ಟರೆ ಬೌಲರ್ ತಲೆ ಮೇಲೆ ಕೈ ಹೊತ್ತು ಮತ್ತೆ ಓಡಿ ಬರುತ್ತಾನೆ, ಇನ್ನೊಂದು ಅವಕಾಶ ಹುಟ್ಟುತ್ತದೆ. ಫುಟ್‌ಬಾಲಿನ ಕೀಪರ್‌ಗೆ ಆ ಸೌಲಭ್ಯವಿಲ್ಲ. ಹತ್ತು ಜನರ ತಪ್ಪು ಅವನ ಹಿಂದಿನ ಬಲೆಯಲ್ಲಿ ಬಂದು ಕೂರುತ್ತದೆ, ಕ್ಯಾಮೆರಾ ಕೂಡ ಅಲ್ಲೇ ನಿಲ್ಲುತ್ತದೆ. ಮಧ್ಯಮೈದಾನದಲ್ಲಿ ಚೆಂಡು ಕಳೆದುಕೊಂಡವನು ಅಷ್ಟು ಹೊತ್ತಿಗೆ ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡುತ್ತಿರುತ್ತಾನೆ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ.

ಅರ್ಧ ಸೆಕೆಂಡಿನ ಕೆಲಸ

ಗೋಲಿನ ಅಗಲ 7.32 ಮೀಟರ್, ಎತ್ತರ 2.44. ಪೆನಾಲ್ಟಿ ಬಾಕ್ಸಿನ ಅಂಚು ಗೋಲಿನಿಂದ 16.5 ಮೀಟರ್. ಅಲ್ಲಿಂದ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಹೊಡೆದ ಚೆಂಡು ಗೆರೆ ಮುಟ್ಟಲು ಸುಮಾರು 0.66 ಸೆಕೆಂಡ್ ಸಾಕು. 11 ಮೀಟರ್ ದೂರದಿಂದಾದರೆ 0.44. ಇದರಲ್ಲಿ ಸುಮಾರು 0.2 ಸೆಕೆಂಡ್ ಕಣ್ಣು ನೋಡಿ ಮೈಗೆ ಸುದ್ದಿ ಮುಟ್ಟಿಸುವುದರಲ್ಲೇ ಹೋಗುತ್ತದೆ. ನಡುವೆ ನಿಂತವನಿಗೆ ಕಂಬ 3.66 ಮೀಟರ್ ದೂರ. ಉಳಿದ ಹೊತ್ತಿನಲ್ಲಿ ಅಷ್ಟು ದೂರ ಹಾರಬೇಕೆಂದರೆ, ಎದುರಾಳಿಯ ಕಾಲು ಚೆಂಡಿಗೆ ತಗಲುವ ಕ್ಷಣಕ್ಕೆ ಕೀಪರ್ ಆಗಲೇ ನಿಂತಿರಬೇಕು: ಎರಡೂ ಪಾದ ನೆಲದಲ್ಲಿ, ಭುಜದಷ್ಟು ಅಂತರ, ಭಾರ ಪಾದದ ಮುಂಭಾಗದ ಮೇಲೆ, ಕೈ ಸೊಂಟದ ಮಟ್ಟದಲ್ಲಿ ಮೈಗಿಂತ ಸ್ವಲ್ಪ ಮುಂದೆ. ಕೋಚ್‌ಗಳು ಇದಕ್ಕೆ "ಸೆಟ್ ಆಗುವುದು" ಎನ್ನುತ್ತಾರೆ. ಹೊಡೆತದ ಕ್ಷಣದಲ್ಲಿ ಒಂದು ಕಾಲು ಗಾಳಿಯಲ್ಲಿದ್ದರೆ, ಆ ಕಾಲು ಮೊದಲು ನೆಲ ಮುಟ್ಟಿ ಆಮೇಲೆ ತಳ್ಳಬೇಕು. ಅಷ್ಟರಲ್ಲಿ ಚೆಂಡು ಬಲೆಯಲ್ಲಿ.

ಹೆಜ್ಜೆ ಮುಂದಿಟ್ಟು ಕೋನ ಕಿರಿದು ಮಾಡುವುದೂ ಇದೇ ಗಣಿತ. ಚೆಂಡು 16 ಮೀಟರ್ ನೇರಕ್ಕಿದೆ ಎಂದುಕೊಳ್ಳಿ. ಗೆರೆಯ ಮೇಲೆ ನಿಂತವನು ಕಾಯಬೇಕಾದದ್ದು ಪೂರ್ತಿ 7.32 ಮೀಟರ್. ಮೂರು ಮೀಟರ್ ಮುಂದೆ ಬಂದವನು ಕಾಯಬೇಕಾದದ್ದು ಆರಕ್ಕೂ ಕಡಿಮೆ. ಆದರೆ ಮುಂದೆ ಬರುವ ಹೆಜ್ಜೆಗಳು ಹೊಡೆತಕ್ಕೆ ಮೊದಲೇ ಮುಗಿದಿರಬೇಕು. ಹುಡುಗ ಕೀಪರ್‌ಗಳು ಎಡವುವುದು ಇಲ್ಲಿಯೇ. ಕೋನ ಗೊತ್ತಿರುತ್ತದೆ, ಜಾಗವೂ ಗೊತ್ತಿರುತ್ತದೆ. ಇನ್ನೊಂದು ಹೆಜ್ಜೆ, ಇನ್ನೊಂದೇ ಹೆಜ್ಜೆ ಎಂದು ಕದಿಯಲು ಹೋಗಿ ಚಲನೆಯಲ್ಲಿರುವಾಗಲೇ ಹೊಡೆತ ತಿನ್ನುತ್ತಾರೆ. ಮೂವತ್ತು ದಾಟಿದವನು ಅರ್ಧ ಮೀಟರ್ ಹಿಂದೆಯೇ ನಿಂತು, ಕಡಿಮೆ ಒಳ್ಳೆಯ ಕೋನದಲ್ಲಾದರೂ ಸೆಟ್ ಆಗಿ ಕಾಯುತ್ತಾನೆ. ಅನುಭವ ಅನ್ನುವ ದೊಡ್ಡ ಮಾತಿನೊಳಗೆ ಬಹುಪಾಲು ಇರುವುದು ಇಂಥ ಅರ್ಧ ಮೀಟರ್‌ಗಳೇ.

ಈಗ ಇದನ್ನು ಸೋಲುವ ತಂಡದೊಳಗೆ ಇಟ್ಟು ನೋಡಿ. ಚೆನ್ನಾಗಿ ಆಡುವ ತಂಡದ ಮೇಲೆ ದಾಳಿ ಬಂದರೂ ಅದು ನಿಧಾನಕ್ಕೆ, ಬದಿಯಿಂದ, ಡಿಫೆಂಡರ್‌ಗಳು ಸಾಲಾಗಿ ನಿಂತ ಮೇಲೆ ಬರುತ್ತದೆ. ಕೀಪರ್‌ಗೆ ಎರಡು ಮೂರು ಬಾರಿ ಜಾಗ ಸರಿಪಡಿಸಿಕೊಳ್ಳಲು ಹೊತ್ತು ಸಿಗುತ್ತದೆ. ಕುಸಿಯುವ ತಂಡ ಚೆಂಡು ಕಳೆದುಕೊಳ್ಳುವುದು ನಡುಮೈದಾನದಲ್ಲಿ, ತನ್ನವರೆಲ್ಲ ಮುಂದೆ ಓಡಿರುವಾಗ. ಎರಡು ಪಾಸಿನಲ್ಲಿ ಚೆಂಡು ಎಡದಿಂದ ಬಲಕ್ಕೆ ಜಿಗಿದು ಹೊಡೆತ ಬಂದೇಬಿಡುತ್ತದೆ. ಕೀಪರ್ ಯಾವಾಗಲೂ ಓಡುತ್ತಲೇ ಇರುತ್ತಾನೆ, ಸೆಟ್ ಆಗುವುದೇ ಇಲ್ಲ. ಟಿವಿಯಲ್ಲಿ ಅದು "ಕೈ ತಡವಾಯಿತು" ಎಂದು ಕಾಣುತ್ತದೆ. ತಡವಾದದ್ದು ಕೈಯಲ್ಲ, ಅದಕ್ಕೆ ನಾಲ್ಕು ಸೆಕೆಂಡ್ ಮೊದಲು, ನಲವತ್ತು ಮೀಟರ್ ಆಚೆ, ಇನ್ಯಾರದೋ ಕಾಲು.

ಮೆಸ್ಲಿಯೆಯ ಕತೆಯಲ್ಲಿ ಇದು ಕಣ್ಣಿಗೆ ಹೊಡೆಯುವಂತಿದೆ. 2020ರ ಫೆಬ್ರುವರಿ ಕೊನೆಗೆ ಮೊದಲ ಕೀಪರ್ ಕೀಕೋ ಕಸೀಯಾ ಎಂಟು ಪಂದ್ಯಗಳ ನಿಷೇಧಕ್ಕೆ ಒಳಗಾದಾಗ 19ರ ಮೆಸ್ಲಿಯೆ ಗೋಲಿಗೆ ಬಂದ. ಹಲ್ ಸಿಟಿ ವಿರುದ್ಧದ ಆ ಮೊದಲ ಲೀಗ್ ಪಂದ್ಯ 4-0. ಮುಂದಿನ ಋತು ಪ್ರೀಮಿಯರ್ ಲೀಗ್‌ನಲ್ಲಿ 11 ಕ್ಲೀನ್‌ಶೀಟ್, ಅಂದರೆ ಒಂದೂ ಗೋಲು ಬಿಡದ ಪಂದ್ಯ. 21 ಅಥವಾ ಅದಕ್ಕೂ ಕಡಿಮೆ ವಯಸ್ಸಿನ ಕೀಪರ್ ಒಬ್ಬ ಆ ಲೀಗ್‌ನಲ್ಲಿ ಒಂದೇ ಋತುವಿನಲ್ಲಿ ಅಷ್ಟು ಇಟ್ಟಿದ್ದು ಅದೇ ಮೊದಲು. ತಂಡ 9ನೇ ಸ್ಥಾನ, 59 ಅಂಕ. ಆಗ ಯಾರೂ ಅವನ ವಯಸ್ಸು ಕೇಳಲಿಲ್ಲ. ಅದರ ಮುಂದಿನ ಋತುವಿನ ಡಿಸೆಂಬರ್ 5ರಂದು ಬ್ರೆಂಟ್‌ಫೋರ್ಡ್ ವಿರುದ್ಧದ ಒಂದೇ ಪಂದ್ಯದಲ್ಲಿ ನಡುಮೈದಾನದ ಕಾವಲುಗಾರ ಕ್ಯಾಲ್ವಿನ್ ಫಿಲಿಪ್ಸ್, ನಾಯಕ ಲಿಯಾಮ್ ಕೂಪರ್ ಇಬ್ಬರೂ ಗಾಯಗೊಂಡು ಹೊರನಡೆದರು. ಒಂಬತ್ತು ದಿನದ ಮೇಲೆ ಸಿಟಿ ಎದುರು 0-7. ಆಗಿನ ಕೋಚ್ ಮಾರ್ಸೆಲೊ ಬಿಯೆಲ್ಸಾರ ಆಟ ಇಡೀ ಮೈದಾನದಲ್ಲಿ ಒಬ್ಬೊಬ್ಬರಿಗೆ ಒಬ್ಬೊಬ್ಬರು ಅಂಟಿಕೊಳ್ಳುವ ಪದ್ಧತಿ. ಒಬ್ಬ ಎದುರಾಳಿ ಕೊಂಡಿ ಕಳಚಿಕೊಂಡರೆ ಮುಂದೆ ಸಿಗುವವನು ಕೀಪರ್ ಮಾತ್ರ. 2022ರ ಫೆಬ್ರುವರಿ ಒಂದೇ ತಿಂಗಳಲ್ಲಿ 20 ಗೋಲು: ಆಸ್ಟನ್ ವಿಲ್ಲಾದಿಂದ 3, ಎವರ್ಟನ್‌ನಿಂದ 3, ಮ್ಯಾಂಚೆಸ್ಟರ್ ಯುನೈಟೆಡ್‌ನಿಂದ 4, ಲಿವರ್‌ಪೂಲ್‌ನಿಂದ 6, ಟಾಟನ್‌ಹ್ಯಾಮ್‌ನಿಂದ 4. ಬಿಯೆಲ್ಸಾ ಹೋದರು. ಋತು ಮುಗಿಯುವ ಹೊತ್ತಿಗೆ 79. ಕೀಪರ್ ಅದೇ ಹುಡುಗ, ಅದೇ ಕೈ, ಅದೇ 1.97 ಮೀಟರ್ ಎತ್ತರ.

2023ರ ಏಪ್ರಿಲ್ ಇನ್ನೂ ಕೆಟ್ಟದ್ದು, 23 ಗೋಲು. ಸ್ವಂತ ಮೈದಾನ ಎಲ್ಲಂಡ್ ರೋಡಿನಲ್ಲೇ ಎಂಟು ದಿನಗಳ ಅಂತರದಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಐದು, ಲಿವರ್‌ಪೂಲ್ ಆರು ಹೊಡೆದವು. ಈ ಹೊತ್ತಿಗೆ ಮೆಸ್ಲಿಯೆಯಿಂದಲೂ ನಿಜವಾದ ತಪ್ಪುಗಳಾಗುತ್ತಿದ್ದವು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಉದ್ದನೆಯ ಕೀಪರ್‌ಗಳಿಗೆ ಕಾಲಬುಡಕ್ಕೆ ಬರುವ ಹೊಡೆತ ದೂರದ ಮೂಲೆಗೆ ಬರುವುದಕ್ಕಿಂತ ಕಷ್ಟ. ಎರಡು ಮೀಟರ್ ಮೈಯನ್ನು ಕೆಳಗಿಳಿಸಲು ಹತ್ತಿರದ ಕಾಲನ್ನು ಕೆಳಗಿನಿಂದ ಒದ್ದು ತೆಗೆದು ಕುಸಿದು ಬೀಳಬೇಕು, ಮಂಡಿ ಬಗ್ಗಿಸಿ ಕೂತರೆ ಹೊತ್ತು ಮೀರುತ್ತದೆ. ಮೈಗೆ ಭಯ ಹೊಕ್ಕಾಗ ಮೊದಲು ಮರೆಯುವುದು ಈ ಕುಸಿತವನ್ನೇ. ಕೈ ಮಾತ್ರ ಕೆಳಗೆ ಹೋಗುತ್ತದೆ, ಮೈ ಮೇಲೆಯೇ ನಿಂತಿರುತ್ತದೆ.

ಹತ್ತು ಪಂದ್ಯದ ಅಂಕಿ ಏನನ್ನೂ ಹೇಳುವುದಿಲ್ಲ

ಕೀಪರ್ ಬಗ್ಗೆ ಜಗಳವಾದಾಗಲೆಲ್ಲ ಯಾರೋ ಒಬ್ಬರು ಸೇವ್ ಶೇಕಡಾವಾರು (ಚೌಕಟ್ಟಿಗೆ ಬಂದ ಹೊಡೆತಗಳಲ್ಲಿ ನೂರಕ್ಕೆ ಎಷ್ಟು ತಡೆದ ಎಂಬ ಲೆಕ್ಕ) ತೆಗೆದು ಮೇಜಿನ ಮೇಲೆ ಇಡುತ್ತಾರೆ. ಅದಕ್ಕಿಂತ ಸುಧಾರಿಸಿದ ಲೆಕ್ಕವೂ ಈಗ ಇದೆ. ಗೋಲಿನ ಚೌಕಟ್ಟಿಗೆ ಬಂದ ಪ್ರತಿ ಹೊಡೆತಕ್ಕೂ ಅದು ಎಲ್ಲಿಂದ ಬಂತು, ಯಾವ ಮೂಲೆಗೆ ಹೋಯಿತು ಎಂಬುದರ ಮೇಲೆ ಒಳಗೆ ಹೋಗುವ ಸಂಭವ ಕಟ್ಟಿ, ಅವನ್ನೆಲ್ಲ ಕೂಡಿಸಿ, ನಿಜವಾಗಿ ಬಿದ್ದ ಗೋಲುಗಳನ್ನು ಅದರಿಂದ ಕಳೆಯುತ್ತಾರೆ. ಉಳಿಕೆ ಧನವಾದರೆ ಕೀಪರ್ ಗೋಲು ಉಳಿಸಿದ್ದಾನೆ, ಋಣವಾದರೆ ಕಳೆದಿದ್ದಾನೆ. ಒಳ್ಳೆಯ ಲೆಕ್ಕವೇ. ಆದರೆ ಕೀಪರ್ ಸೆಟ್ ಆಗಿದ್ದನೇ, ಎದುರಿಗೆ ತನ್ನದೇ ಡಿಫೆಂಡರ್ ಅಡ್ಡ ನಿಂತು ನೋಟ ಕದ್ದನೇ ಎಂಬುದನ್ನು ಬಹಳಷ್ಟು ಸಾರ್ವಜನಿಕ ಅಂಕಿಗಳು ಪೂರ್ತಿ ಹಿಡಿಯುವುದಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಅದೃಷ್ಟದ್ದು. ಪಂದ್ಯಕ್ಕೆ ನಾಲ್ಕೂವರೆ ಹೊಡೆತ ಚೌಕಟ್ಟಿಗೆ ಬರುತ್ತವೆ ಎಂದು ಇಟ್ಟುಕೊಳ್ಳೋಣ, ಹತ್ತು ಪಂದ್ಯಕ್ಕೆ 45. ನೂರಕ್ಕೆ ಎಪ್ಪತ್ತನ್ನು ಹಿಡಿಯುವ ಸಾಮರ್ಥ್ಯ ನಿಜವಾಗಿಯೂ ಇರುವ ಕೀಪರ್ ಸರಾಸರಿ 13 ಅಥವಾ 14 ಗೋಲು ಬಿಡುತ್ತಾನೆ. ಬರೀ ನಾಣ್ಯ ಚಿಮ್ಮಿದಂತಹ ಅದೃಷ್ಟದಿಂದಲೇ ಆ ಸಂಖ್ಯೆ ಮೂರು ಆಚೆ ಈಚೆ ಆಗುವುದು ತೀರಾ ಸಾಮಾನ್ಯ, ಆರು ಆಚೆ ಈಚೆ ಆದರೂ ಬೆಚ್ಚಿಬೀಳಬೇಕಿಲ್ಲ. ಅಂದರೆ ಒಬ್ಬನೇ ಮನುಷ್ಯ, ಒಂದೇ ಸಾಮರ್ಥ್ಯ, ಒಂದು ಸಲ 10 ಗೋಲು ಬಿಟ್ಟು ಪತ್ರಿಕೆಗಳಲ್ಲಿ ಗೋಡೆ ಅನ್ನಿಸಿಕೊಳ್ಳುತ್ತಾನೆ, ಇನ್ನೊಂದು ಸಲ 17 ಬಿಟ್ಟು ಜರಡಿ ಅನ್ನಿಸಿಕೊಳ್ಳುತ್ತಾನೆ. ಕಷ್ಟದಲ್ಲಿರುವ ಕ್ಲಬ್ ಹುಡುಗನ ಭವಿಷ್ಯ ತೀರ್ಮಾನಿಸುವುದು ಸಾಮಾನ್ಯವಾಗಿ ಐದಾರು ಪಂದ್ಯ ನೋಡಿ.

ಹಾಗಾದರೆ ನೋಡಬೇಕಾದದ್ದೇನು? ಹೊಡೆತದ ಕ್ಷಣದಲ್ಲಿ ವಿಡಿಯೊ ನಿಲ್ಲಿಸಿ ಪಾದ ನೋಡುವುದು. ತಡೆದ ಚೆಂಡು ಎಲ್ಲಿಗೆ ಹೋಯಿತು ನೋಡುವುದು: ಅಗಲಕ್ಕೆ ತಳ್ಳಿದನೇ, ನೇರ ಮುಂದಕ್ಕೆ ಬಿಟ್ಟನೇ. ಗೋಲು ತಿಂದ ಮೇಲಿನ ಮೊದಲ ಕ್ರಾಸ್‌ಗೆ, ಅಂದರೆ ಬದಿಯಿಂದ ಗೋಲಿನ ಮುಂದಕ್ಕೆ ತೂರಿ ಬರುವ ಚೆಂಡಿಗೆ, ಹೊರಗೆ ಬಂದನೇ. ಡಿಫೆಂಡರ್‌ಗಳಿಗೆ ಕೂಗುತ್ತಿದ್ದಾನೆಯೇ. 45 ಹೊಡೆತದ ಫಲಿತಾಂಶ ಸುಳ್ಳು ಹೇಳಬಹುದು, 45 ಸಲ ಪಾದ ಎಲ್ಲಿತ್ತು ಎಂಬುದು ಸುಳ್ಳು ಹೇಳುವುದಿಲ್ಲ.

ಹೋದರೆ ಪೂರ್ತಿ ಹೋಗು, ಇಲ್ಲವಾದರೆ ನಿಲ್ಲು

ಹುಡುಗ ಕೀಪರ್‌ನನ್ನು ನಿಜವಾಗಿ ಸುಡುವುದು ಹೊಡೆತಗಳಲ್ಲ, ಕ್ರಾಸ್‌ಗಳು. ಒಳಕ್ಕೆ ತಿರುಗುವ ಕಾರ್ನರ್ ಒಂದೂವರೆ ಸೆಕೆಂಡಿನ ಆಸುಪಾಸಿನಲ್ಲಿ ಗೋಲಿನ ಎದುರಿನ ಆರು ಗಜದ ಪೆಟ್ಟಿಗೆಯೊಳಗೆ ಬೀಳುತ್ತದೆ. ಆ ಹೊತ್ತಿನ ಮೊದಲರ್ಧದೊಳಗೆ ನಿರ್ಧಾರವಾಗಬೇಕು: ಹಿಡಿಯುವುದೋ, ಗುದ್ದುವುದೋ, ಗೆರೆಯಲ್ಲೇ ಉಳಿಯುವುದೋ. ಮೂರೂ ಸರಿ. ಕೆಟ್ಟದ್ದು ನಾಲ್ಕನೆಯದು, ಅರ್ಧ ದಾರಿ ಹೋಗಿ ನಿಲ್ಲುವುದು. ಆಗ ಗೋಲೂ ಖಾಲಿ, ಚೆಂಡೂ ಕೈಗಿಲ್ಲ, ಅತ್ತ ದರಿ ಇತ್ತ ಪುಲಿ. ಎದುರಾಳಿ ಕೋಚ್‌ಗಳಿಗೆ ಇದು ಚೆನ್ನಾಗಿ ಗೊತ್ತು. ಹೊಸ ಹುಡುಗ ಗೋಲಿನಲ್ಲಿದ್ದಾನೆ ಎಂದು ತಿಳಿದ ವಾರವೇ ಅವನ ಮುಂದೆ ಇಬ್ಬರನ್ನು ನಿಲ್ಲಿಸುತ್ತಾರೆ, ಒಬ್ಬ ಎದೆಗೆ ಎದೆ ಕೊಟ್ಟು, ಇನ್ನೊಬ್ಬ ಹಿಂದಿನಿಂದ ದಾರಿ ಅಡ್ಡಗಟ್ಟಿ.

ಇದರ ಅತಿ ದುಬಾರಿ ಉದಾಹರಣೆ 2011ರ ಡಿಸೆಂಬರ್ 31. ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರಿಗೆ ಪಟ್ಟಿಯ ತಳದಲ್ಲಿದ್ದ ಬ್ಲ್ಯಾಕ್‌ಬರ್ನ್. 2-2 ಆಗಿದ್ದಾಗ, ಹತ್ತು ನಿಮಿಷ ಉಳಿದಿರುವಾಗ ಒಂದು ಕಾರ್ನರ್. 21ರ ಡೇವಿಡ್ ಡೆ ಹೆಯಾ ಹೊರಬಂದ, ಗುಂಪಿನಲ್ಲಿ ಸಿಕ್ಕಿಕೊಂಡ, ಚೆಂಡು ಕೈಗೆ ದಕ್ಕಲಿಲ್ಲ. ಗ್ರಾಂಟ್ ಹ್ಯಾನ್ಲಿ ತಲೆಕೊಟ್ಟ. 2-3. ಆ ಋತುವಿನ ಕೊನೆಯಲ್ಲಿ ಯುನೈಟೆಡ್, ಸಿಟಿ ಎರಡಕ್ಕೂ 89 ಅಂಕ. ಪ್ರಶಸ್ತಿ ಗೋಲು ವ್ಯತ್ಯಾಸದಲ್ಲಿ ಸಿಟಿಗೆ ಹೋಯಿತು. ಹುಡುಗನನ್ನು ನಂಬಲು ಖರ್ಚೇನೂ ಇಲ್ಲ ಎನ್ನುವವರು ಈ ಒಂದು ಕಾರ್ನರನ್ನು ಮರೆಯಬಾರದು. ಕೋಚ್ ಅಲೆಕ್ಸ್ ಫರ್ಗುಸನ್ ಅವನನ್ನು ಕೆಲ ವಾರ ಲೀಗ್ ಪಂದ್ಯಗಳಿಂದ ಹೊರಗಿಟ್ಟು ಆಂಡರ್ಸ್ ಲಿಂಡೆಗಾರ್ಡ್‌ನನ್ನು ಆಡಿಸಿದರು. ಫೆಬ್ರುವರಿ 5ಕ್ಕೆ ಚೆಲ್ಸಿ ಎದುರು ಡೆ ಹೆಯಾ ಮತ್ತೆ ಗೋಲಿನಲ್ಲಿದ್ದ. ಯುನೈಟೆಡ್ 0-3 ಹಿಂದಿನಿಂದ 3-3ಕ್ಕೆ ಬಂದಿದ್ದಾಗ, ಕೊನೆಗಳಿಗೆಯಲ್ಲಿ ಹುವಾನ್ ಮಾಟಾ ಹೊಡೆದ ಫ್ರೀಕಿಕ್ ಮೇಲ್ಮೂಲೆಗೆ ಹೋಗುತ್ತಿತ್ತು. ಡೆ ಹೆಯಾ ಹಾರಿ ಬೆರಳ ತುದಿಯಲ್ಲಿ ತಳ್ಳಿದ. ಆಮೇಲೆ 2023ರವರೆಗೂ ಅವನು ಅಲ್ಲೇ ಇದ್ದ.

ಗಮನಿಸಬೇಕಾದದ್ದು ಏನೆಂದರೆ ಆ ಯುನೈಟೆಡ್ ಸೋಲುವ ತಂಡವಾಗಿರಲಿಲ್ಲ. ತಪ್ಪು ಮಾಡಿದ ಹುಡುಗನನ್ನು ಬೆಂಚಿನಲ್ಲಿ ಕೂರಿಸಿ ಮತ್ತೆ ತರುವಷ್ಟು ಸಾವಧಾನ ಅದಕ್ಕಿತ್ತು, ತರಬೇತಿಯಲ್ಲಿ ಮೈ ಬೆಳೆಸಲು ಹೊತ್ತಿತ್ತು. ಹಿಂಬಡ್ತಿಯ ಅಂಚಿನ ತಂಡಕ್ಕೆ ಐದು ವಾರ ಎಂದರೆ ಒಂದು ಯುಗ.

ಕೊಚ್ಚಿಯ ಇಬ್ಬರು

ಇದೇ ಪ್ರಶ್ನೆಗೆ ನಮ್ಮ ದೇಶದಲ್ಲಿ, ಒಂದೇ ಕ್ಲಬ್ಬಿನೊಳಗೆ, ಪ್ರಯೋಗಶಾಲೆಯಲ್ಲಿ ಮಾಡಿದಂತಹ ಒಂದು ಪರೀಕ್ಷೆ ನಡೆದುಹೋಗಿದೆ. 2017ರ ಅಕ್ಟೋಬರ್‌ನಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಭಾರತದಲ್ಲಿ ನಡೆದಾಗ ನಮ್ಮ ತಂಡದ ಮೊದಲ ಕೀಪರ್ ಮಣಿಪುರದ ಧೀರಜ್ ಸಿಂಗ್. ಅಮೆರಿಕಕ್ಕೆ 0-3, ಕೊಲಂಬಿಯಾಕ್ಕೆ 1-2, ಘಾನಾಕ್ಕೆ 0-4. ಮೂರೂ ಸೋಲು, ಆದರೂ ದೆಹಲಿಯ ಕ್ರೀಡಾಂಗಣ ಅವನ ಹೆಸರು ಹಿಡಿದು ಮನೆಗೆ ಹೋಯಿತು, ಏಕೆಂದರೆ ಇನ್ನೂ ಎಷ್ಟು ಹೋಗಬೇಕಿತ್ತು ಎಂಬುದನ್ನು ಎಲ್ಲರೂ ಕಣ್ಣಾರೆ ನೋಡಿದ್ದರು. ಅದೇ ತಂಡದ ಬೆಂಚಿನಲ್ಲಿ ಪ್ರಭ್‌ಸುಖನ್ ಗಿಲ್ ಇದ್ದ.

2018ರಲ್ಲಿ ಕೊಚ್ಚಿಯ ಕ್ಲಬ್ ಕೇರಳ ಬ್ಲಾಸ್ಟರ್ಸ್ ಧೀರಜ್‌ನನ್ನು ಕರೆತಂದಿತು. ಕೋಚ್ ಡೇವಿಡ್ ಜೇಮ್ಸ್, ಸ್ವತಃ ಇಂಗ್ಲೆಂಡಿನ ಮಾಜಿ ಕೀಪರ್. 18ರ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಆಸರೆ ಇನ್ನೇನು ಬೇಕು ಅನ್ನಿಸಬೇಕು. ಮೊದಲ ಪಂದ್ಯ ಕೋಲ್ಕತ್ತದಲ್ಲಿ ಎಟಿಕೆ ವಿರುದ್ಧ 2-0 ಗೆಲುವು, ಹುಡುಗನಿಗೆ ಕ್ಲೀನ್‌ಶೀಟ್. ಅಲ್ಲಿಂದ ಮುಂದೆ 14 ಪಂದ್ಯ ಗೆಲುವಿಲ್ಲ. ಮುಂಬೈನಲ್ಲಿ 1-6 ಸೋತ ಮೇಲೆ ಜೇಮ್ಸ್ ಡಿಸೆಂಬರ್‌ನಲ್ಲೇ ಹೋದರು. ಋತುವಿನುದ್ದಕ್ಕೂ ಗೋಲಿನಲ್ಲಿ ಒಮ್ಮೆ ಧೀರಜ್, ಒಮ್ಮೆ ನವೀನ್ ಕುಮಾರ್. 18 ಪಂದ್ಯಗಳಲ್ಲಿ ಎರಡೇ ಗೆಲುವು, ಹತ್ತು ತಂಡಗಳಲ್ಲಿ ಒಂಬತ್ತನೇ ಸ್ಥಾನ. ಹೀಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟರೆ ಇಬ್ಬರಿಗೂ ಬೆಳಕಿಲ್ಲ. ಪ್ರತಿ ತಪ್ಪಿನ ಹಿಂದೆ ಬೆಂಚ್ ಕಾಣುತ್ತಿದ್ದರೆ ಕೀಪರ್ ಗೆರೆಗೆ ಅಂಟಿಕೊಳ್ಳುತ್ತಾನೆ, ಏಕೆಂದರೆ ಗೆರೆಯ ಮೇಲೆ ತಿಂದ ಗೋಲಿಗೆ ಬೈಗುಳ ಕಡಿಮೆ. ಡಿಫೆಂಡರ್‌ಗಳಿಗೂ ವಾರಕ್ಕೊಂದು ದನಿ, ವಾರಕ್ಕೊಂದು ಅಭ್ಯಾಸ: ಒಬ್ಬ ಕ್ರಾಸ್‌ಗೆ ಬರುತ್ತಾನೆ, ಇನ್ನೊಬ್ಬ ಬರುವುದಿಲ್ಲ.

ಗಿಲ್‌ನ ದಾರಿ ಬೇರೆ. ಅವನು 2019ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದ. ಅಲ್ಲಿ ಗುರ್‌ಪ್ರೀತ್ ಸಿಂಗ್ ಸಂಧು ಇರುವವರೆಗೆ ಇನ್ನೊಬ್ಬ ಕೀಪರ್‌ಗೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಪಂದ್ಯ ಸಿಗುವುದು ಕನಸಿನ ಮಾತು. ಕಂಠೀರವದಲ್ಲಿ ಅವನನ್ನು ವಾರ್ಮ್‌ಅಪ್‌ನಲ್ಲಿ ನೋಡಿದವರೇ ಹೆಚ್ಚು. ಆಮೇಲೆ ಕೇರಳಕ್ಕೆ ಹೋದ, ಅಲ್ಲೂ ಕಾದ. 2021ರ ಡಿಸೆಂಬರ್‌ನಲ್ಲಿ ಅಲ್ಬಿನೊ ಗೋಮ್ಸ್ ಗಾಯಗೊಂಡ. ಕೋಚ್ ಇವಾನ್ ವುಕೊಮಾನೊವಿಚ್ ಕೈಯಲ್ಲಿ ಇದ್ದದ್ದು ಇನ್ನೂ 21 ತುಂಬದ ಗಿಲ್. ಅವನ ಮುಂದೆ ಕ್ರೊಯೇಷಿಯಾದ ಮಾರ್ಕೊ ಲೆಸ್ಕೊವಿಚ್, ಪಕ್ಕದಲ್ಲಿ ಹುಡುಗ ಹೊರ್ಮಿಪಾಮ್. ಈ ಜೋಡಿ ಬಾಕ್ಸಿನೊಳಗೆ ಬಂದ ಮೊದಲ ಚೆಂಡಿಗೆ ತಾವೇ ತಲೆ ಕೊಡುತ್ತಿತ್ತು, ಆದ್ದರಿಂದ ಗಿಲ್ ಹೊರಗೆ ಬರಲೇಬೇಕಾದ ಕ್ರಾಸ್‌ಗಳು ಕಡಿಮೆ. ಅವನ ಕೆಲಸ ಚಿಕ್ಕದಾಯಿತು, ಚಿಕ್ಕ ಕೆಲಸವನ್ನು ಅವನು ಚೆನ್ನಾಗಿ ಮಾಡಿದ. ತಂಡ ಫೈನಲ್ ತಲುಪಿ ಫತೋರ್ಡಾದಲ್ಲಿ ಹೈದರಾಬಾದಿಗೆ ಪೆನಾಲ್ಟಿಗಳಲ್ಲಿ ಸೋತಿತು. ಆ ಋತುವಿನ ಅತ್ಯುತ್ತಮ ಕೀಪರ್ ಪ್ರಶಸ್ತಿ, ಗೋಲ್ಡನ್ ಗ್ಲವ್, ಗಿಲ್‌ಗೆ.

ಇಬ್ಬರಲ್ಲಿ ಗಿಲ್ ಹೆಚ್ಚು ಪ್ರತಿಭಾವಂತ ಎಂದು ಇದರಿಂದ ತೀರ್ಮಾನಿಸುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಎಎಫ್‌ಸಿ ಚಾಂಪಿಯನ್ಸ್ ಲೀಗ್‌ನಲ್ಲಿ ಎಫ್‌ಸಿ ಗೋವಾ ಕತಾರಿನ ಅಲ್ ರಯ್ಯಾನ್ ವಿರುದ್ಧ 0-0 ಮಾಡಿಕೊಂಡಾಗ, ಇರಾನಿನ ಪರ್ಸೆಪೊಲಿಸ್ ವಿರುದ್ಧ 1-2 ಸೋತರೂ ಒಂದು ಪೆನಾಲ್ಟಿ ತಡೆದಾಗ, ಗೋಲಿನಲ್ಲಿ ಇದ್ದದ್ದು ಅದೇ ಧೀರಜ್, 20 ವರ್ಷ. ಗೋವಾ ತಂಡ ಆ ಪಂದ್ಯಗಳಲ್ಲಿ ಹಿಂದಕ್ಕೆ ಒತ್ತಿಕೊಂಡು ಬಿಗಿಯಾಗಿ ಆಡಿತು. ಹೊಡೆತಗಳು ಬಂದವು, ಆದರೆ ಎದುರಿನಿಂದ, ಸಾಲಾಗಿ ನಿಂತ ಡಿಫೆಂಡರ್‌ಗಳ ಆಚೆಯಿಂದ ಬಂದವು. ಅವನಿಗೆ ಸೆಟ್ ಆಗಲು ಹೊತ್ತು ಸಿಕ್ಕಿತು.

ನಂಬುವುದಾದರೆ ಹೇಗೆ

ಕುಸಿಯುತ್ತಿರುವ ತಂಡ ಹುಡುಗನನ್ನು ನಂಬಬಹುದು ಎಂದೇ ನನ್ನ ಅಭಿಪ್ರಾಯ, ಆದರೆ ನಂಬಿಕೆಯನ್ನು ಮಾತಿನಲ್ಲಿಡದೆ ಏರ್ಪಾಡಿನಲ್ಲಿಡಬೇಕು. ಮೊದಲು ಪಂದ್ಯಗಳ ಸಂಖ್ಯೆ. ಮುಂದಿನ ಎಂಟು ಪಂದ್ಯ ನೀನೇ, ಏನೇ ಆಗಲಿ ಎಂದು ಮುಖ್ಯ ಕೋಚೇ ಹೇಳಬೇಕು, ಕೀಪರ್ ಕೋಚ್ ಬಾಯಿಂದಲ್ಲ. ಎಂಟು ಮುಗಿದ ಮೇಲೆ ಬದಲಿಸಬೇಕಾದರೆ ಅದು ಅಂತರರಾಷ್ಟ್ರೀಯ ವಿರಾಮದಲ್ಲಿ ಆಗಲಿ, ತಪ್ಪು ಮಾಡಿದ ಮರುದಿನ ಬೇಡ. 2015ರ ಅಕ್ಟೋಬರ್ 25ರಂದು, ಸ್ವಂತ ಮೈದಾನದಲ್ಲಿ ನಾಪೋಲಿಗೆ 0-4 ಸೋತು ಮೂರು ವಾರವಾಗಿದ್ದ ಎಸಿ ಮಿಲಾನ್, 33ರ ಡಿಯೇಗೊ ಲೋಪೆಸ್‌ನನ್ನು ಕೂರಿಸಿ 16 ವರ್ಷ 8 ತಿಂಗಳ ಜಾನ್‌ಲೂಯಿಜಿ ಡೊನ್ನರುಮ್ಮಾನನ್ನು ಸಸ್ಸುವೊಲೊ ಎದುರು ಇಳಿಸಿತು. ಡೊಮೆನಿಕೊ ಬೆರಾರ್ಡಿಯ ಫ್ರೀಕಿಕ್ ಅವನು ಕಾಯಬೇಕಾದ ಕಂಬದ ಪಕ್ಕದಲ್ಲೇ ಒಳಗೆ ಹೋಯಿತು. ಮಿಲಾನ್ ಹೇಗೋ 2-1 ಗೆದ್ದಿತು. ಮೂರು ದಿನದ ನಂತರ ಕಿಯೆವೊ ವಿರುದ್ಧ ಕೋಚ್ ಸಿನಿಶಾ ಮಿಹಾಯ್ಲೊವಿಚ್ ಮತ್ತೆ ಅದೇ ಹುಡುಗನ ಹೆಸರು ಬರೆದರು, ಪಂದ್ಯ 1-0. ಮೊದಲ ಪಂದ್ಯದಲ್ಲಿ ಇಳಿಸಿದ್ದು ಧೈರ್ಯ ಎಂದು ಎಲ್ಲರೂ ಬರೆದರು. ನನ್ನ ಲೆಕ್ಕದಲ್ಲಿ ಎರಡನೆಯದೇ ಹೆಚ್ಚಿನ ಧೈರ್ಯ.

ಎರಡನೆಯದು ಕೆಲಸ ಕಿರಿದು ಮಾಡುವುದು. ಗೋಲ್‌ಕಿಕ್‌ನ್ನು ಬಾಕ್ಸಿನೊಳಗೇ ಪಾಸ್ ಮಾಡಿ ಆಡಲು 2019ರಿಂದ ನಿಯಮ ಬಿಡುತ್ತದೆ. ಬಿಡುತ್ತದೆ ಎಂದ ಮಾತ್ರಕ್ಕೆ ಆಡಲೇಬೇಕೆಂದಿಲ್ಲ. ಆತ್ಮವಿಶ್ವಾಸ ಕಳೆದುಕೊಂಡ ಸೆಂಟರ್‌ಬ್ಯಾಕ್‌ಗೆ ಆರು ಮೀಟರ್ ಪಾಸ್ ಕೊಟ್ಟರೆ ಅದು ಒತ್ತಡದ ಜೊತೆ ತಿರುಗಿ ಬರುತ್ತದೆ, ಆಗ ಕೀಪರ್ ಅದನ್ನು ಕೈಯಿಂದ ಮುಟ್ಟುವಂತಿಲ್ಲ. ಮೊದಲ ಐದಾರು ಪಂದ್ಯ ಉದ್ದಕ್ಕೆ, ಒಂದೇ ಬದಿಗೆ, ಎತ್ತರದ ಒಬ್ಬನ ತಲೆಗೆ ಹೊಡೆಯುವುದು ನಾಚಿಕೆಯ ಕೆಲಸವಲ್ಲ. ಬ್ಯಾಕ್‌ಪಾಸ್ ಕೊಡುವಾಗ ಚೌಕಟ್ಟಿನ ಆಚೆಗೆ ಕೊಡುವುದು ಡಿಫೆಂಡರ್‌ನ ಜವಾಬ್ದಾರಿ. ಕಾಲು ತಪ್ಪಿದರೂ ಕಾರ್ನರ್ ಆದೀತು, ಗೋಲಾಗದು. ಕಾರ್ನರ್‌ಗಳಲ್ಲಿ ಹತ್ತಿರದ ಕಂಬದಲ್ಲಿ ಒಬ್ಬ, ಕೀಪರ್‌ನ ಮುಂದೆ ದಾರಿ ಬಿಡಿಸಲೆಂದೇ ಒಬ್ಬ ಗಟ್ಟಿಗ. ಆರು ಗಜದ ಪೆಟ್ಟಿಗೆಯೊಳಗಿನದು ನಿನ್ನದು, ಆಚೆಯದು ಅವರದು ಎಂದು ಗೆರೆ ಎಳೆದು ಕೊಟ್ಟರೆ ಅರ್ಧದಾರಿಯ ಓಟ ತಾನಾಗಿ ಕಡಿಮೆಯಾಗುತ್ತದೆ. ಗುಂಪಿದ್ದರೆ ಹಿಡಿಯಬೇಡ, ಎರಡೂ ಮುಷ್ಟಿ ಸೇರಿಸಿ ಎತ್ತರಕ್ಕೆ, ಬದಿಗೆ ಗುದ್ದು. ತರಬೇತಿಯಲ್ಲಿ ನಾಲ್ಕೈದು ಜನ ದಿಂಬು ಹಿಡಿದು ತಳ್ಳುತ್ತಿರುವಾಗ ಹದಿನೈದು ಇಪ್ಪತ್ತು ಕ್ರಾಸ್, ವಾರಕ್ಕೆ ಎರಡು ಸಲ. ಖಾಲಿ ಬಾಕ್ಸಿನಲ್ಲಿ ನೂರು ಕ್ರಾಸ್ ಹಿಡಿದವನಿಗೆ ಶನಿವಾರದ ಮೊಣಕೈ ಗೊತ್ತಿರುವುದಿಲ್ಲ.

ಮೂರನೆಯದು, ಅವನ ಮುಂದಿನ ನಾಲ್ವರನ್ನು ಬದಲಿಸದಿರುವುದು. ಇದೇ ಎಲ್ಲಕ್ಕಿಂತ ಕಷ್ಟ, ಏಕೆಂದರೆ ಸೋಲುವ ತಂಡಕ್ಕೆ ಗಾಯಗಳೂ ಅಮಾನತುಗಳೂ ಹೆಚ್ಚು. ಆದರೂ ಆಯ್ಕೆ ಇದ್ದಾಗ, ಪ್ರತಿಭೆ ಹತ್ತು ಪೈಸೆ ಕಡಿಮೆಯಿದ್ದರೂ ಹೋದ ವಾರ ಆಡಿದವನನ್ನೇ ಆಡಿಸುವುದು ಮೇಲು. ಕೀಪರ್ ಹೊರಬರುವುದು ಅರ್ಧ ತನ್ನ ಕಣ್ಣಿನಿಂದ, ಅರ್ಧ ಮುಂದಿನವನ ಅಭ್ಯಾಸದ ನೆನಪಿನಿಂದ.

ಇವೆಲ್ಲ ಮಾಡಿಯೂ ಕೂರಿಸಬೇಕಾದ ಹೊತ್ತು ಬರುತ್ತದೆ. ಕೂಗುವುದು ನಿಂತರೆ, ವಾರದಿಂದ ವಾರಕ್ಕೆ ನಿಲ್ಲುವ ಜಾಗ ಗೆರೆಯ ಕಡೆಗೆ ಸರಿಯುತ್ತಿದ್ದರೆ, ಹಿಡಿಯಬಹುದಾದ ಚೆಂಡನ್ನೂ ತಳ್ಳತೊಡಗಿದರೆ, ಬೆಂಚ್ ಅವನಿಗೆ ಶಿಕ್ಷೆಯಲ್ಲ, ಉಸಿರು. ಆಗಲೂ ಬದಲಿಗೆ ಬರುವವನು ಸೋರುತ್ತಿರುವ ಜಾಗಕ್ಕೆ ಮದ್ದಾಗಿರಬೇಕು. ಕ್ರಾಸ್‌ನಲ್ಲಿ ಸೋರುತ್ತಿದ್ದರೆ ಕ್ರಾಸ್ ಆಳುವವನನ್ನು ತರಬಹುದು. ನಡುಮೈದಾನ ಸೋರುತ್ತಿದ್ದರೆ ಯಾವ ಕೀಪರ್ ತಂದರೂ ಅಷ್ಟೇ.

ಲೀಡ್ಸ್ ಇದನ್ನು ಎರಡನೇ ಸಲ ಮಾಡಿತು, 2025ರಲ್ಲಿ, ಎರಡನೇ ಡಿವಿಷನ್‌ನಲ್ಲಿ. ಮೆಸ್ಲಿಯೆಗೆ ಆಗ 25. ಆ ಋತುವಿನಲ್ಲೇ, 2024ರ ಅಕ್ಟೋಬರ್ 4ರಂದು, ಸಂಡರ್‌ಲ್ಯಾಂಡ್‌ನಲ್ಲಿ 2-1 ಮುಂದಿದ್ದಾಗ, 97ನೇ ನಿಮಿಷದಲ್ಲಿ ಯಾರೂ ಇಲ್ಲದ ಜಾಗಕ್ಕೆ ಬಂದ ಸಾಧಾರಣ ಚೆಂಡೊಂದು ಪುಟಿದು ದಿಕ್ಕು ಬದಲಿಸಿ ಅವನನ್ನು ದಾಟಿ ಒಳಗೆ ಹೋಗಿತ್ತು. ಕೋಚ್ ಡೇನಿಯಲ್ ಫಾರ್ಕೆ ಬದಲಿಸಲಿಲ್ಲ. ಪುಟಿದ ಚೆಂಡಿಗೆ ಯಾರೇನು ಮಾಡಿಯಾರು. 2025ರ ಮಾರ್ಚ್ 29ರಂದು ಸ್ವಾನ್ಸಿ ಎದುರು ಮತ್ತೆ ಕೀಪರ್ ಕೈಯಿಂದಲೇ ಎರಡು ಅಂಕ ಜಾರಿ 2-2 ಆದಾಗ ಬದಲಿಸಿದರು. ಬಂದವನು 34ರ ಕಾರ್ಲ್ ಡಾರ್ಲೊ. ಉಳಿದದ್ದು ಏಳು ಪಂದ್ಯ: ಆರು ಗೆಲುವು, ಒಂದು ಡ್ರಾ, ಬಿಟ್ಟ ಗೋಲು ಮೂರು. 100 ಅಂಕದೊಂದಿಗೆ ಲೀಡ್ಸ್ ಚಾಂಪಿಯನ್ ಆಗಿ ಮೇಲೆ ಬಂತು. ಆ ತಂಡ ಹೆಚ್ಚು ಹೊತ್ತು ಚೆಂಡು ತನ್ನ ಬಳಿಯೇ ಇಟ್ಟುಕೊಳ್ಳುತ್ತಿತ್ತು, ನಡುಮೈದಾನ ಗಟ್ಟಿಯಿತ್ತು. ಸೋರುತ್ತಿದ್ದದ್ದು ಒಂದೇ ಹೆಂಚು. ಕೊನೆಯ ದಿನ ಪ್ಲಿಮತ್‌ನಲ್ಲಿ ಮೊದಲು ಗೋಲು ಬಿಟ್ಟುಕೊಟ್ಟರೂ ಯಾರೂ ಡಾರ್ಲೊ ಕಡೆ ತಿರುಗಿ ನೋಡಲಿಲ್ಲ. ಹೆಚ್ಚುವರಿ ಸಮಯದಲ್ಲಿ ಮನೋರ್ ಸೊಲೊಮನ್ ಆ ತುದಿಯಲ್ಲಿ ಗೆಲುವಿನ ಗೋಲು ಹೊಡೆದ.